ಕಾಕ್‌ಪಿಟ್ ಗಾಜಿನ ಮೂಲೆಯ ಸ್ಕ್ರೂ

ಮುಂಬೈನ ಕಲೀನಾದಲ್ಲಿ ವಿಮಾನ ದುರಸ್ತಿಯ ಹ್ಯಾಂಗರೊಂದರಲ್ಲಿ ತರಬೇತಿಗೆ ಸೇರಿರುವ ನಮ್ಮ ಸಂಬಂಧದ ಹುಡುಗನೊಬ್ಬ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬಂದಾಗ, "ವಯರ್ ಲೂಸಾದರೆ ಬ್ರೇಕರ್ ಟ್ರಿಪ್ ಆಗುತ್ತದಲ್ಲ ಮಾವ, ಮತ್ತೇಕೆ ಇಷ್ಟು ಹೆದರಿಕೆ?" ಎಂದು ಕೇಳಿದ. ವಿಮಾನಗಳ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದಲ್ಲ. ನುರಿತವರೂ ಹಾಗೆಯೇ ನಂಬಿದ್ದನ್ನು ಕಂಡಿದ್ದೇನೆ.

ಸಾಮಾನ್ಯ ಬ್ರೇಕರ್ ಗಮನಿಸುವುದು ಮಿತಿ ಮೀರಿದ ಕರೆಂಟನ್ನು. ಸಡಿಲವಾದ ಟರ್ಮಿನಲ್‌ನಲ್ಲಿ, ಅಂದರೆ ವಯರನ್ನು ಸ್ಕ್ರೂ ಬಿಗಿದು ಜೋಡಿಸುವ ಜಾಗದಲ್ಲಿ, ಹೆಚ್ಚುವುದು ಕರೆಂಟಲ್ಲ, ರೋಧ. ಆ ಒಂದು ಬಿಂದುವಿನಲ್ಲಿ ಶಾಖ ಹುಟ್ಟಿ, ಸಂಪರ್ಕ ಇನ್ನಷ್ಟು ಕೆಟ್ಟು, ಕೊನೆಗೆ ಕಿಡಿ ಹಾರತೊಡಗುತ್ತದೆ. ಅಡುಗೆಮನೆಯಲ್ಲಿ ಗ್ರೈಂಡರಿನ ಪ್ಲಗ್ ಕಪ್ಪಾಗಿ ಕರಗಿದರೂ ಮೀಟರ್ ಪಕ್ಕದ ಬ್ರೇಕರ್ ಬೀಳದಿರುವುದು ಇದೇ ಕಾರಣಕ್ಕೆ.

ಕಾಕ್‌ಪಿಟ್ಟಿನ ಮುಂಗಾಜಿನೊಳಗೆ ಹಿಮಗಟ್ಟದಂತೆ ತಡೆಯುವ ಹೀಟರ್ ಇರುತ್ತದೆ. ಅದರ ವಯರುಗಳು ಗಾಜಿನ ಅಂಚಿನ ಟರ್ಮಿನಲ್ ಬ್ಲಾಕಿಗೆ ಬಂದು ಸೇರುತ್ತವೆ. 2010ರ ಮೇ 16ರಂದು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಯುನೈಟೆಡ್‌ನ ಬೋಯಿಂಗ್ 757ರಲ್ಲಿ ಅಲ್ಲಿಂದಲೇ ಬೆಂಕಿ ಎದ್ದಿತು. ಪೈಲಟ್‌ಗಳು ಆಮ್ಲಜನಕದ ಮಾಸ್ಕ್ ಧರಿಸಿ ನಂದಿಸಿದರೂ ಜ್ವಾಲೆ ಮತ್ತೆ ಕಾಣಿಸಿಕೊಂಡಿದ್ದರಿಂದ ಕ್ಯಾಬಿನ್ನಿನಿಂದ ಬೆಂಕಿ ನಂದಿಸುವ ಹ್ಯಾಲಾನ್ ಅನಿಲದ ಎರಡನೆಯ ಸಿಲಿಂಡರ್ ತರಿಸಬೇಕಾಯಿತು. ವಾಷಿಂಗ್ಟನ್ ಬಳಿಯ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಗಾಜಿನ ಒಳಪದರ ಬಿರುಕು ಬಿಟ್ಟಿತ್ತು. ಪರೀಕ್ಷಿಸಿದಾಗ ವಯರನ್ನು ಹಿಡಿದಿದ್ದ ಸ್ಕ್ರೂ ಸುರುಳಿ ಎಳೆಗೆ ಸರಿಯಾಗಿ ಹೊಂದದೆ ಓರೆಯಾಗಿ, ಎಂದರೆ ಎಳೆ ತಪ್ಪಿ, ಕೂತಿದ್ದುದು ಕಂಡುಬಂತು. ಎಳೆ ತಪ್ಪಿದ ಸ್ಕ್ರೂ ಕೈಗೆ ಬಿಗಿಯಾಗಿಯೇ ಸಿಗುತ್ತದೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಕೂಡ ಸಾಕೆಂದು ಟಕ್ ಎನ್ನುತ್ತದೆ, ಆದರೆ ಅದರ ತಲೆಯಡಿಯಲ್ಲಿ ಲಗ್, ಅಂದರೆ ವಯರಿನ ತುದಿಯ ಲೋಹದ ತುಂಡು, ಅಲುಗುತ್ತಲೇ ಇರಬಹುದು. ಇದನ್ನು ಕೆಲಸಗಾರನ ಅಜಾಗ್ರತೆ ಎಂದು ಬರೆದು ಫೈಲು ಮುಚ್ಚುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಅದೇ ವರ್ಷ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನೀಡಿದ ಆದೇಶ ಎರಡು ದಾರಿ ತೋರಿಸಿತು: ಆಗಾಗ್ಗೆ ತಪಾಸಣೆ ಮಾಡುತ್ತಿರುವುದು, ಇಲ್ಲವೇ ಸ್ಕ್ರೂವಿನ ಬದಲು ಪಿನ್ ಮತ್ತು ಸಾಕೆಟ್ ಜೋಡಣೆಯುಳ್ಳ ಗಾಜನ್ನು ಹಾಕುವುದು. ಎರಡನೆಯದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಮುಂಗಾಜು ಬದಲಾದಾಗಲೆಲ್ಲ ಆ ಸ್ಕ್ರೂಗಳು ಬಿಚ್ಚಿ ಮತ್ತೆ ಕೂರಬೇಕು, ಅದೂ ಬೆಳಗಿನ ಫ್ಲೈಟಿಗೆ ವಿಮಾನ ಬಿಟ್ಟುಕೊಡುವ ಆತುರದ ರಾತ್ರಿಪಾಳಿಯಲ್ಲಿ. ಖರ್ಚು ಹೆಚ್ಚು ಎನ್ನುವವರು, ಹಾರುತ್ತಿರುವ ವಿಮಾನವನ್ನು ನಡುದಾರಿಯಲ್ಲಿ ಬೇರೆ ಊರಿಗೆ ಇಳಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.

2011ರಲ್ಲಿ ಕೈರೋದಲ್ಲಿ, ಗೇಟಿನಲ್ಲೇ ನಿಂತಿದ್ದ ಈಜಿಪ್ಟ್‌ಏರ್‌ನ 777ರ ಕಾಕ್‌ಪಿಟ್ ಸುಟ್ಟುಹೋಯಿತು. ಮೂಲ ಕಾರಣ ಖಚಿತವಾಗಲಿಲ್ಲ. ಆದರೆ ಸಹಪೈಲಟ್‌ನ ಆಮ್ಲಜನಕದ ಮಾಸ್ಕ್ ಬಳಿಯ ವಯರಿಂಗನ್ನು ಅಲುಗದಂತೆ ಹಿಡಿದಿರಬೇಕಿದ್ದ ಕ್ಲಾಂಪ್ ಇರಲಿಲ್ಲವೆಂದು ತನಿಖೆ ಗುರುತಿಸಿತು.

ಹುಡುಗನಿಗೆ ಹೇಳಿದ್ದು ಇಷ್ಟೇ: ಸ್ಕ್ರೂವನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸು, ತಡೆದರೆ ಹಿಂದೆ ತೆಗೆ, ಬಿಗಿದ ಮೇಲೆ ಲಗ್ ಹಿಡಿದು ಅಲುಗಿಸಿ ನೋಡು, ಕೆಲಸ ಅರ್ಧಕ್ಕೆ ನಿಂತರೆ ಯಾವ ಟರ್ಮಿನಲ್ ಬಾಕಿಯಿದೆ ಎಂಬುದನ್ನು ಬಾಯಿಮಾತಿನಲ್ಲಿ ದಾಟಿಸದೆ ಮುಂದಿನ ಪಾಳಿಯವರಿಗೆ ಬರೆದು ಕೊಡು.