ಕೊಬ್ಬು ಯಾರಿಗೆ ಜಾಸ್ತಿ?

ಕನ್ನಡದಲ್ಲಿ ಕೊಬ್ಬು ಇರುವುದು ಹೊಟ್ಟೆಯಲ್ಲಲ್ಲ, ನಾಲಿಗೆಯಲ್ಲಿ. ಎದುರುತ್ತರ ಕೊಟ್ಟ ನರಪೇತಲ ಹುಡುಗನನ್ನೂ ಮೇಷ್ಟ್ರು "ಏನೋ, ಕೊಬ್ಬಾ?" ಎಂದೇ ಕೇಳುತ್ತಾರೆ. ಇಳಿಸುವುದಕ್ಕೆ ಬೆತ್ತ.

ಇಂಥ ಬೈಗುಳವನ್ನು ಅಂಗಡಿಯಲ್ಲಿಟ್ಟು ಮಾರುವುದು ಹೇಗೆ? ಅದಕ್ಕೇ ಪೊಟ್ಟಣದ ಮುಂದೆ 'ಕ್ರೀಮಿ', 'ರಿಚ್'. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ 'ಕೊಬ್ಬು'. ಇನ್ನು ಅಡುಗೆ ಎಣ್ಣೆ. ಅದು ಪೂರ್ತಿ ಕೊಬ್ಬೇ. ಆದರೆ ಬಾಟಲಿ ಮೇಲೆ ದಪ್ಪಕ್ಷರದಲ್ಲಿ 'ಕೊಲೆಸ್ಟರಾಲ್ ರಹಿತ'! ಕೊಲೆಸ್ಟರಾಲ್ ಬರುವುದು ಹಾಲು, ಮೊಟ್ಟೆ, ಮಾಂಸದಿಂದ. ಸೂರ್ಯಕಾಂತಿ ಬೀಜ ಅದನ್ನು ಯಾವಾಗ ಇಟ್ಟುಕೊಂಡಿತ್ತು, ಬಿಡುವುದಕ್ಕೆ? ಹಾಗಾದರೆ ಸಂತೆಯಲ್ಲಿ ಎಮ್ಮೆ ಮಾರುವವನೂ 'ರೆಕ್ಕೆ ರಹಿತ' ಅಂತ ಬೋರ್ಡು ತೂಗುಹಾಕಲಿ.

ಹಾಲಿನ ಕಥೆ ಇನ್ನೂ ಚೆಂದ. ಕಾನೂನಿನ ಪ್ರಕಾರ ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಕನಿಷ್ಠ ಶೇ. 6, ಟೋನ್ಡ್‌ನಲ್ಲಿ 3, ಡಬಲ್ ಟೋನ್ಡ್‌ನಲ್ಲಿ 1.5. ಟೋನ್ಡ್ ಅಂದರೆ ಜಿಮ್ಮಿಗೆ ಹೋಗಿಬಂದ ಹಾಲು ಅಂದುಕೊಳ್ಳಬೇಡಿ. 1940ರ ದಶಕದಲ್ಲಿ ಮುಂಬೈಯ ಹಾಲು ಸರಬರಾಜು ನೋಡಿಕೊಳ್ಳುತ್ತಿದ್ದ ದಾರಾ ಖುರೋಡಿ, ಗಟ್ಟಿ ಎಮ್ಮೆ ಹಾಲಿಗೆ ನೀರು ಮತ್ತು ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಇದ್ದ ಹಾಲನ್ನು ಹೆಚ್ಚು ಮನೆಗಳಿಗೆ ಮುಟ್ಟಿಸುವ ಉಪಾಯ ಮಾಡಿದರು. ಒಳ್ಳೆಯ ಉಪಾಯವೇ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮೂರ ಹಾಲಿನವನು ಆ ಪುಡಿಯೊಂದನ್ನು ಮರೆತು ಬರೀ ನೀರು ಹಾಕಿದ್ದಕ್ಕೆ ಊರೆಲ್ಲ ಉಗಿಸಿಕೊಂಡ.

ಹಳ್ಳಿ ಡೇರಿಯಲ್ಲಿ ಮಾತ್ರ ಕೊಬ್ಬಿಗೆ ರಾಜಮರ್ಯಾದೆ, ಅದನ್ನು ಅಳೆದೇ ಹಾಲಿಗೆ ದುಡ್ಡು. ಅಲ್ಲಿ ಅದಕ್ಕೆ 'ಫ್ಯಾಟು' ಅನ್ನಬೇಕು. "ನಿನ್ನ ಕೊಬ್ಬು ಎಷ್ಟಿದೆ ತೋರಿಸು" ಅಂದರೆ ಕ್ಯಾನು ಹಾರುತ್ತದೆ. ನಮ್ಮ ಚಿಕ್ಕಮ್ಮ ಬೆಳಗ್ಗೆ ಆರಕ್ಕೇ ಕ್ಯೂ ನಿಲ್ಲುತ್ತಾಳೆ. ಫ್ಯಾಟು 3.5 ಬಂದರೆ ನಗು, 3.3ಕ್ಕೆ ಇಳಿದರೆ ಮನೆಗೆ ಬರುವಷ್ಟರಲ್ಲಿ ಹಸುವಿಗೆ ಹಿಂಡಿ, ಬೂಸಾ, ಜೊತೆಗೆ ಒಂದಿಷ್ಟು ಬೈಗುಳ.

ಮೊನ್ನೆ ಅವಳ ರಕ್ತ ಪರೀಕ್ಷೆಯಾಯಿತು. ಡಾಕ್ಟರು, "ಕೊಬ್ಬು ಜಾಸ್ತಿ ಇದೆಯಮ್ಮ" ಅಂದರು. ಚಿಕ್ಕಮ್ಮ ಮೊದಲು ಸಿಟ್ಟಾದಳು, ಆಮೇಲೆ ಅರ್ಥ ಮಾಡಿಕೊಂಡಳು. "ಹಸುಗಿಲ್ಲ ಅಂತ ದುಡ್ಡು ಹಿಡೀತಾರೆ, ನಂಗಿದೆ ಅಂತ ಮಾತ್ರೆ ಬರೀತಾರೆ. ನನ್ನದನ್ನೇ ಡೇರಿಗೆ ಹಾಕ್ಲಾ ಸ್ವಾಮಿ?"

ಈಗ ಅವಳ ಒಬ್ಬಳ ಕಾಫಿಗೆ ಅಂತ ಸೊಸೆ ಪೇಟೆಯಿಂದ ಡಬಲ್ ಟೋನ್ಡ್ ಪ್ಯಾಕೆಟ್ಟು ತರಿಸುತ್ತಾಳೆ. ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿವೆ.