ಆರು ಕೋಣೆಗಳ ವಸತಿಗೃಹದಲ್ಲಿ ಹಬ್ಬದ ಬ್ರಂಚ್

ಹಬ್ಬದ ದಿನಗಳಲ್ಲಿ ಗೆಳೆಯರನ್ನು ಒಂದೆಡೆ ಸೇರಿಸಬೇಕೆಂದಾಗ ನಾನು ಈಚಿನ ವರ್ಷಗಳಲ್ಲಿ ದೊಡ್ಡ ಹೋಟೆಲುಗಳ ಸಭಾಂಗಣಗಳತ್ತ ನೋಡುವುದನ್ನೇ ಬಿಟ್ಟು, ಐದಾರು ಕೋಣೆಗಳ ಪುಟ್ಟ ವಸತಿಗೃಹಗಳನ್ನು ಹುಡುಕುತ್ತೇನೆ. ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬಹುದು, ಮೈಕು ಹಿಡಿಯದೆ ಮಾತನಾಡಬಹುದು, ಮಕ್ಕಳು ಅತ್ತಿತ್ತ ಓಡಾಡಿದರೂ ಕಣ್ಣಳತೆಯಲ್ಲೇ ಇರುತ್ತಾರೆ. ಆದರೆ ಇಂಥ ಜಾಗದಲ್ಲಿ ಬ್ರಂಚ್, ಅಂದರೆ ಬೆಳಗಿನ ತಿಂಡಿಯೂ ಮಧ್ಯಾಹ್ನದ ಊಟವೂ ಒಂದಾದ ಊಟ, ಏರ್ಪಡಿಸುವವರು, ಮೊದಲ ಸಲ ನಾನೂ ಮಾಡಿದಂತೆ, ಬಡಿಸುವ ತಿನಿಸುಗಳ ಪಟ್ಟಿಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆಯೇ ಹೊರತು ಕರೆಯುವ ಹೊತ್ತಿನ ಬಗ್ಗೆ ಐದು ನಿಮಿಷವೂ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಆ ಹೊತ್ತಿನದೇ.

ಬ್ರಂಚ್ ಎಂಬ ಕಲ್ಪನೆ ಹುಟ್ಟಿದ್ದೇ ಹೊತ್ತಿನ ತಕರಾರಿನಿಂದ. 1895ರಲ್ಲಿ ಇಂಗ್ಲೆಂಡಿನ ಲೇಖಕ ಗೈ ಬೆರಿಂಜರ್ ಈ ಪದವನ್ನು ಬಳಸಿ, ಭಾನುವಾರದ ಭಾರೀ ಊಟದ ಬದಲು ನಡುಮಧ್ಯಾಹ್ನದ ಸುಮಾರಿಗೆ ಹಗುರವಾಗಿ ಆರಂಭವಾಗುವ ಊಟವೊಂದಿರಲಿ ಎಂದು ವಾದಿಸಿದ್ದರು. ಶನಿವಾರ ರಾತ್ರಿ ಮೋಜು ಮಾಡಿ ತಡವಾಗಿ ಮಲಗಿದವರು ಬೇಗ ಏಳುವ ಕಷ್ಟ ತಪ್ಪುತ್ತದೆ ಎಂಬುದೂ ಅವರ ಸಮರ್ಥನೆಗಳಲ್ಲಿ ಒಂದು. ತಿನ್ನುವವರ ಕಡೆಯಿಂದ ನೋಡಿದರೆ ಇದು ಸೊಗಸಾದ ವಾದವೇ. ಅಡುಗೆ ಮಾಡುವವರು ಎಷ್ಟು ಹೊತ್ತಿಗೆ ಏಳಬೇಕು ಎಂಬುದು ಮಾತ್ರ ಆ ವಾದದೊಳಗೆ ಬರುವುದಿಲ್ಲ.

ಮೊದಲ ಸಲ ನಾನು ಹದಿನೆಂಟು ಜನರನ್ನು ಹತ್ತೂವರೆಗೆ ಕರೆದಿದ್ದೆ. ಪುಟ್ಟ ವಸತಿಗೃಹವೊಂದರ ದಿನಚರಿಯಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ತಂಗಿದ್ದವರ ಬೆಳಗಿನ ಉಪಾಹಾರ ಮುಗಿಯುವುದು ಸುಮಾರು ಹತ್ತಕ್ಕೆ. ಕೋಣೆ ಖಾಲಿ ಮಾಡುವವರು ಪೆಟ್ಟಿಗೆ ಹಿಡಿದು ಬಿಲ್ಲಿಗೆ ಬಂದು ನಿಲ್ಲುವುದು ಹತ್ತೂವರೆಯಿಂದ ಹನ್ನೊಂದರವರೆಗೆ. ದೊಡ್ಡ ಹೋಟೆಲಿನಲ್ಲಿ ಈ ಕೆಲಸಗಳಿಗೆ ಬೇರೆಬೇರೆ ವಿಭಾಗಗಳೇ ಇರುತ್ತವೆ. ಇಲ್ಲಿ ಬಿಲ್ಲು ಬರೆಯುವವರೂ ಕಾಫಿ ತರುವವರೂ ಒಬ್ಬರೇ, ಪಾತ್ರೆ ತೊಳೆಯುವವರೇ ಹಾಸಿಗೆಯ ಹೊದಿಕೆ ಬದಲಿಸುವವರು. ಅಂದು ನನ್ನ ಗೆಳೆಯರು ಬಾಗಿಲಿಗೆ ಬಂದಾಗ ಸ್ವಾಗತದ ಮೇಜಿನ ಮುಂದೆ ಎರಡು ಸಾಲುಗಳಾದವು, ಒಂದು ಹೊರಡುವವರದು, ಇನ್ನೊಂದು ಬಂದವರದು. ಬ್ರಂಚಿನ ಮೇಜಿನ ಮೇಲೆ ಹಿಂದಿನವರ ಉಪಾಹಾರದ ತಟ್ಟೆಗಳು ಇನ್ನೂ ಇದ್ದವು. ತಪ್ಪು ಆ ಮನೆಯವರದ್ದಲ್ಲ, ಕರೆದ ನನ್ನದು.

ಅದರ ಮೇಲೆ, ಪ್ರತಿಯೊಬ್ಬರಿಗೂ ಅವರು ಕೇಳಿದಂತೆ ಆಮ್ಲೆಟ್ ಮಾಡಿಕೊಡಬೇಕೆಂದು ಬೇರೆ ಹೇಳಿದ್ದೆ. ಎರಡು ಬಾಣಲೆ, ಒಂದೊಂದು ಆಮ್ಲೆಟ್‌ಗೆ ನಾಲ್ಕು ನಿಮಿಷ, ಹದಿನೆಂಟು ಜನ. ಲೆಕ್ಕ ಹಾಕಿದರೆ ಮೊದಲ ತಟ್ಟೆಯಿಂದ ಕೊನೆಯ ತಟ್ಟೆಗೆ ಮೂವತ್ತೆರಡು ನಿಮಿಷ, ಅದೂ ಅಡುಗೆಯವರು ಬೇರೆ ಯಾವ ಕೆಲಸಕ್ಕೂ ಕೈ ಹಾಕದಿದ್ದರೆ. ಮೊದಲು ಪಡೆದವರು ಮುಜುಗರದಿಂದ ಕಾದು ತಣ್ಣಗಾದದ್ದನ್ನು ತಿಂದರು, ಕೊನೆಯವರು ಅಷ್ಟರಲ್ಲಿ ಬ್ರೆಡ್ಡಿನಿಂದಲೇ ಹೊಟ್ಟೆ ತುಂಬಿಸಿಕೊಂಡಿದ್ದರು. ಒಟ್ಟಿಗೆ ಕೂತು ತಿನ್ನಲೆಂದೇ ಕರೆದ ಮೇಲೆ ಒಬ್ಬೊಬ್ಬರಾಗಿ ತಿನ್ನಿಸಿದರೆ ಏನು ಬಂತು? ಅಂದಿನಿಂದ ನಾನು ಒಲೆಯ ಮೇಲಿನ ಮೊಟ್ಟೆಯನ್ನು ಬಿಟ್ಟು, ದೊಡ್ಡ ತಟ್ಟೆಯಲ್ಲಿ ಓವನ್‌ನಲ್ಲಿ ಬೇಯಿಸಿ ತುಂಡು ಮಾಡಿ ಬಡಿಸುವುದನ್ನೇ ಕೇಳುತ್ತೇನೆ. ಹಿಂದಿನ ರಾತ್ರಿಯೇ ಅರ್ಧ ಸಿದ್ಧವಾಗುವ ಎರಡು ತಿನಿಸು, ಓವನ್‌ನಿಂದ ಬರುವ ಒಂದು, ಹಣ್ಣು, ಬ್ರೆಡ್ಡು, ಬೇಕಾದಷ್ಟು ಕಾಫಿ, ಟೀ. ಇಷ್ಟೇ ಆದರೆ ಬಡತನ ಕಾಣುತ್ತದೆ ಎನ್ನುವ ಗೆಳೆಯರಿದ್ದಾರೆ. ಹದಿನಾಲ್ಕು ಬಗೆ ಇಟ್ಟು ಎಲ್ಲವನ್ನೂ ತಣ್ಣಗಾಗಿಸಿ ಬಡಿಸುವುದಕ್ಕಿಂತ ಇದು ಮೇಲು ಎಂಬ ನನ್ನ ನಿಲುವು ಬದಲಾಗಿಲ್ಲ.

ತಿನಿಸು ತಣ್ಣಗಾಗುವುದು ಬರೀ ರುಚಿಯ ಪ್ರಶ್ನೆಯಲ್ಲ. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ತಣ್ಣನೆಯದು 5 ಡಿಗ್ರಿಗಿಂತ ಮೇಲೇರಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮೊಟ್ಟೆ, ಹಾಲು, ಮಾಂಸದ ತಿನಿಸುಗಳನ್ನು ಹಾಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಮೇಜಿನ ಮೇಲೆ ಬಿಡಬಾರದೆಂಬುದು ಸಾಮಾನ್ಯ ಎಚ್ಚರಿಕೆ. ಕೆಳಗೆ ದೀಪವಿಟ್ಟ ಬಡಿಸುವ ಪಾತ್ರೆಯನ್ನು ನಂಬಿಕೊಂಡು ಕೂರುವವರು ಗಮನಿಸಬೇಕಾದದ್ದೆಂದರೆ, ಅದು ಬಿಸಿಯಾಗಿರುವುದನ್ನು ಬಿಸಿಯಾಗಿ ಉಳಿಸುತ್ತದೆಯೇ ಹೊರತು ತಣ್ಣಗಾದದ್ದನ್ನು ಸರಿಯಾಗಿ ಬಿಸಿ ಮಾಡುವುದಿಲ್ಲ. ಅದರ ಅಡಿಯ ನೀರನ್ನೂ ಮೊದಲೇ ಕಾಯಿಸಿ ಸುರಿಯಬೇಕು. ತಟ್ಟೆ ಖಾಲಿಯಾದಾಗ ಹಳೆಯದರ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸವನ್ನಂತೂ ನಾನು ಕಂಡ ಕಂಡಲ್ಲಿ ತಡೆಯುತ್ತೇನೆ.

ಈಗ ನಾನು ಕರೆಯುವುದು ಹನ್ನೊಂದೂವರೆಗೆ. ಹೊರಡುವವರು ಅಷ್ಟರಲ್ಲಿ ಹೊರಟಿರುತ್ತಾರೆ, ಹೊಸಬರು ಬರುವುದು ಎರಡರ ನಂತರ, ನಡುವೆ ಸಿಗುವ ಎರಡೂವರೆ ಗಂಟೆಯಲ್ಲಿ ಎರಡು ಗಂಟೆ ಊಟಕ್ಕೆ ಸರಿಯಾಗಿ ಸಾಕು. ಹನ್ನೊಂದೂವರೆಗೆ ಕರೆದರೆ ಅದನ್ನು ಊಟ ಎನ್ನಿ, ಬ್ರಂಚ್ ಏಕೆ ಎನ್ನುತ್ತೀರಿ ಎಂದು ಗೇಲಿ ಮಾಡುವವರೂ ಆ ಹೊತ್ತಿಗೆ ತಪ್ಪದೆ ಬಂದು ಕೂರುತ್ತಾರೆ. ಹೊತ್ತು ತಡವಾದದ್ದರ ನಿಜವಾದ ತೊಂದರೆ ಬೇರೆ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರು, ತಿಂಡಿಯ ಜೊತೆ ಮಾತ್ರೆ ನುಂಗಬೇಕಾದವರು, ಚಿಕ್ಕ ಮಕ್ಕಳು ಅಲ್ಲಿಯವರೆಗೆ ಕಾಯುವುದು ಸರಿಯಲ್ಲ. ಆದ್ದರಿಂದ ಆಹ್ವಾನದಲ್ಲೇ ಹೊತ್ತನ್ನು ಸ್ಪಷ್ಟವಾಗಿ ಬರೆದು, ಬೆಳಿಗ್ಗೆ ಎಂದಿನಂತೆ ಏನಾದರೂ ತಿಂದೇ ಬನ್ನಿ ಎಂದು ತಿಳಿಸುತ್ತೇನೆ. ಯಾರಿಗೆ ಕಡಲೆಕಾಯಿ, ಹಾಲು, ಗೋಧಿ ಒಗ್ಗುವುದಿಲ್ಲ ಎಂಬುದನ್ನು ಅದೇ ಸಂದೇಶದಲ್ಲಿ ಕೇಳಿ, ಉತ್ತರಗಳನ್ನು ಬಾಯಲ್ಲಿ ಹೇಳದೆ ಬರೆದು ಅಡುಗೆಮನೆಗೆ ಕೊಡುತ್ತೇನೆ.

ಆ ದಿನ ಅಲ್ಲಿ ನಮ್ಮ ಬಳಗ ಮಾತ್ರವೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಇನ್ನೊಂದು ರಾತ್ರಿ ಉಳಿಯುವವರು ಗೋಡೆಯಾಚೆ ಮಲಗಿರಬಹುದು. ಎಲ್ಲ ಕೋಣೆಗಳನ್ನೂ ನಾವೇ ಪಡೆಯದ ಹೊರತು ಹಾಡು, ಧ್ವನಿವರ್ಧಕ ಬೇಡ ಎಂಬುದರಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನೊಂದು ಮಾತನ್ನು ಜಾಗ ಗೊತ್ತು ಮಾಡುವಾಗಲೇ ಮಾಲೀಕರೊಂದಿಗೆ ಆಡುತ್ತೇನೆ. ಅಡುಗೆಯವರು, ಬಡಿಸುವವರು, ಕೋಣೆ ಶುಚಿ ಮಾಡುವವರು ಎಷ್ಟು ಜನ ಎಂದು ಕೇಳಿ, ಅವರ ಸಂಖ್ಯೆಯನ್ನೂ ನಮ್ಮ ಸಂಖ್ಯೆಗೆ ಸೇರಿಸಿಯೇ ಹಣ ಕೊಡುತ್ತೇನೆ. ಅವರ ಪಾಲನ್ನು ನಾವು ಕೂರುವುದಕ್ಕೆ ಮೊದಲೇ ತೆಗೆದು ಮುಚ್ಚಿಡಬೇಕು, ಹಣ್ಣಿನಲ್ಲೂ ಸಿಹಿಯಲ್ಲೂ ಒಂದು ಪಾಲು. ಒಂದೂವರೆಗೆ ನಾವು ಮೇಜು ಬಿಟ್ಟೇಳುತ್ತೇವೆ, ಉಳಿದ ಹರಟೆ ಅಂಗಳದಲ್ಲಿ. ಎರಡಕ್ಕೆ ಮುಂದಿನವರು ಬರುವ ಮೊದಲು ಸಿಗುವ ಆ ಅರ್ಧ ಗಂಟೆಯಲ್ಲಿ ಅದೇ ಮೇಜಿನಲ್ಲಿ ಆ ಕೆಲಸದವರು ಕೂತು ತಿನ್ನುತ್ತಾರೆ.