ಸಾಸಿವೆ ಕುಟುಂಬ ಗುರುತಿಸೋಕೆ ಘಾಟೇ ಸಾಕಾ?

ಪರ

ಒರಳಲ್ಲಿ ಸಾಸಿವೆ ಅರೆದವರಿಗೆ ಇದು ಗೊತ್ತು. ಇಡೀ ಕಾಳಿಗೆ ವಾಸನೆಯೇ ಇಲ್ಲ. ನೀರು ಹಾಕಿ ನಾಲ್ಕು ಸುತ್ತು ಅರೆದರೆ ಕಣ್ಣು, ಮೂಗು ಎರಡೂ ಉರಿಯುತ್ತವೆ. ಕಾಳಿನೊಳಗೆ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕ ಒಂದು ಕಡೆ, ಅದನ್ನು ಒಡೆಯುವ ಮೈರೋಸಿನೇಸ್ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಮೂಲಂಗಿ, ಎಲೆಕೋಸು, ನವಿಲುಕೋಸಲ್ಲೂ ಇದೇ ಜೋಡಿ.

ಹೂವಿನ ರಚನೆಯನ್ನೇ ನಂಬಿದ ಹಳೆಯ ಸಸ್ಯವಿಜ್ಞಾನಿಗಳು ಸಾಸಿವೆಯನ್ನೂ ಗಸಗಸೆಯನ್ನೂ ಒಂದೇ ಗಣಕ್ಕೆ, ಅಂದರೆ ಹತ್ತಿರದ ಕುಟುಂಬಗಳ ಒಂದೇ ಗುಂಪಿಗೆ, ಸೇರಿಸಿದ್ದರು. ನಮ್ಮ ಚಿತ್ರದುರ್ಗದ ಬೀಳು ಹೊಲಗಳ ಮುಳ್ಳು ದತ್ತೂರಿ ಆ ಗಸಗಸೆ ಕುಟುಂಬದ್ದು. ಬೀಜ ಸಾಸಿವೆಯಂತೆಯೇ ಕಪ್ಪು, ದುಂಡು. ಆದರೆ ಅದರಲ್ಲಿ ಘಾಟಿಲ್ಲ, ಸಾಂಗ್ವಿನರೀನ್ ಎಂಬ ವಿಷ ಇದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆ ಬೀಜದ ಎಣ್ಣೆ ಬೆರೆತು ಜನ ಸತ್ತರು. ಕಣ್ಣು ಮೋಸ ಹೋಗುವಲ್ಲಿ ರಸಾಯನಶಾಸ್ತ್ರ ಮೋಸ ಹೋಗುವುದಿಲ್ಲ.

ಹಿತ್ತಲ ನುಗ್ಗೆಯ ಬೇರು ಜಜ್ಜಿ ಮೂಸಿ ನೋಡಿ, ಅದೇ ಘಾಟು! ನುಗ್ಗೆ, ಪರಂಗಿ ಎರಡೂ ಸಾಸಿವೆಯ ದೂರದ ನೆಂಟರು ಅಂತ ಆಮೇಲೆ ಡಿಎನ್ಎ ಕೂಡ ತೋರಿಸಿತು. ಬರೀ ಹೂ ನೋಡಿದ್ದರೆ ಯಾರಿಗೆ ಹೊಳೆಯುತ್ತಿತ್ತು?

ವಿರೋಧ

ನೆಂಟರು ಸರಿ, ಮನೆಯವರು ಯಾರು? ಅದಕ್ಕೆ ಘಾಟಿನಲ್ಲಿ ಉತ್ತರ ಇಲ್ಲ. ಪುತ್ರಂಜೀವ ಮರದ ಬೀಜದಲ್ಲೂ ಸಾಸಿವೆ ಘಾಟಿನ ಎಣ್ಣೆ ಇದೆ. ಡಿಎನ್ಎ ಪ್ರಕಾರ ಅದು ಬೇರೆಯೇ ಗಣ. ಅಂದರೆ ಈ ರಸಾಯನ ಪ್ರಕೃತಿಯಲ್ಲಿ ಒಂದಕ್ಕಿಂತ ಜಾಸ್ತಿ ಸಲ ಹುಟ್ಟಿದೆ.

ಮಳೆ ಬಿದ್ದ ಮೇಲೆ ದಾವಣಗೆರೆ ಸುತ್ತಿನ ಹೊಲದ ಬದುಗಳಲ್ಲಿ ನಾಯಿ ಸಾಸಿವೆ ಏಳುತ್ತದೆ. ಹೆಸರಲ್ಲೇ ಸಾಸಿವೆ. ಹಳದಿ ಹೂ, ನಾಲ್ಕು ಎಸಳು, ಉದ್ದ ಕಾಯಿ. ಗ್ಲುಕೋಸಿನೋಲೇಟೂ ಇದೆ. ಆದರೂ ಅದು ಪಕ್ಕದ ಮನೆಯದು, ಅಂದರೆ ಬೇರೆ ಕುಟುಂಬದ್ದು. ಹೇಗೆ ಗೊತ್ತಾಗುತ್ತದೆ? ಒಂದು ಹೂ ಕಿತ್ತು ಕೇಸರ ಎಣಿಸಿ. ಸಾಮಾನ್ಯವಾಗಿ ಹತ್ತು ದಾಟುತ್ತವೆ. ಸಾಸಿವೆ ಹೂವಲ್ಲಿ ಆರೇ ಆರು: ನಾಲ್ಕು ಉದ್ದ, ಎರಡು ಗಿಡ್ಡ. ಇನ್ನು ಒಣಗಿದ ಕಾಯಿ ಬಿಡಿಸಿ. ಸಾಸಿವೆಯ ಎರಡೂ ಹೋಳು ಕಳಚಿ ಬಿದ್ದ ಮೇಲೆ ನಡುವೆ ಈರುಳ್ಳಿ ಪೊರೆಯಂಥ ತೆಳು ಪರದೆ ನಿಂತಿರುತ್ತದೆ. ಅದರ ಅಂಚಿಗೆ ಕಾಳು ಅಂಟಿರುತ್ತವೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಮಸುಕಾಗಿ ಕಾಣುತ್ತದೆ, ಅಷ್ಟು ತೆಳು. ನಾಯಿ ಸಾಸಿವೆ ಕಾಯಿಯಲ್ಲಿ ಈ ಪರದೆಯೇ ಇಲ್ಲ.

ಬರೀ ಕಾಯಿಯ ಆಕಾರ ನೋಡಿ ಕುಟುಂಬದೊಳಗೆ ಪಂಗಡ ಮಾಡಿದವರು ಎಡವಿದ್ದಾರೆ, ಒಪ್ಪುತ್ತೇನೆ. ಮೂಲಂಗಿ ಕಾಯಿಯಂತೂ ಒಣಗಿದರೂ ಬಿರಿಯುವುದಿಲ್ಲ. ಆದರೆ ಅದರ ಹೂವಲ್ಲೂ ಕೇಸರ ಆರೇ, ಅಲ್ವಾ? ಬದುವಿನ ಮೇಲೆ ನಿಂತ ವಿದ್ಯಾರ್ಥಿಗೆ ಲ್ಯಾಬ್ ಬೇಡ. ಒಂದು ಭೂತಗನ್ನಡಿ ಕೊಡಿ, ಉಳಿದದ್ದನ್ನು ಅವಳೇ ಎಣಿಸುತ್ತಾಳೆ.